ಜೋಲಿ ಬಿಚ್ಚಿದ ಮೇಲೆ ಬಂದ ನಿದ್ದೆ

ನಮ್ಮ ಮನೆಯ ಜೋಲಿಗೆ ಒಂದು ಸದ್ದಿತ್ತು. ಪಕ್ಕಾಸಿನ ಕೊಕ್ಕೆಗೆ ಹಗ್ಗ ಉಜ್ಜಿ ಕೀಂ ಅನ್ನುತ್ತಿತ್ತು, ವಾಪಸ್ ಬರುವಾಗ ಕುಂಯ್. ರಾತ್ರಿ ಒಂದೂವರೆಗೆ ನಾನು ಕೆಳಗೆ ಹಾಸಿಗೆಯಲ್ಲಿ ಮಲಗಿ, ಜೋಲಿಗೆ ಕಟ್ಟಿದ ದಾರವನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡು ಎಳೆಯುತ್ತಿದ್ದೆ. ನಿದ್ದೆ ಹತ್ತಿ ಕಾಲು ನಿಂತರೆ ಕೀಂ ಕುಂಯ್ ಕೂಡ ನಿಲ್ಲುತ್ತದೆ. ಅದು ನಿಂತ ಎರಡೇ ನಿಮಿಷಕ್ಕೆ ಮಗಳ ರಾಗ ಶುರು. ಆ ದಾರದ ಗುರುತು ನನ್ನ ಹೆಬ್ಬೆರಳಿನಲ್ಲಿ ತುಂಬಾ ದಿನ ಇತ್ತು.

ಮಗಳು ಹುಟ್ಟಿದ್ದು ಡಿಸೆಂಬರ್ ಮಧ್ಯದಲ್ಲಿ. ಬಾಣಂತನ ಕಾರ್ಕಳದ ತವರಿನಲ್ಲಿ. ಮೂರು ತಿಂಗಳು ತುಂಬಿದ ಮೇಲೆ ಉಡುಪಿ ಸಂತೆಕಟ್ಟೆಯ ಗಂಡನ ಮನೆಗೆ ಬಂದೆವು. ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಹೆರಿಗೆ ರಜೆ 26 ವಾರ, ಅದರಲ್ಲಿ ಎರಡು ವಾರ ಹೆರಿಗೆಗೆ ಮೊದಲೇ ಮುಗಿದಿತ್ತು. ಜೂನ್ ಮೊದಲ ವಾರ ಕೌಂಟರಿನಲ್ಲಿ ಕೂತು ಜನರ ದುಡ್ಡು ಎಣಿಸಬೇಕು. ಏಪ್ರಿಲ್ ಕೊನೆಗೆ ನನ್ನ ಪರಿಸ್ಥಿತಿ ಹೇಗಿತ್ತೆಂದರೆ, ಒಂದು ದಿನ ಕುಚ್ಚಲಕ್ಕಿ ತೊಳೆದು, ನೀರೇ ಹಾಕದೆ ಕುಕ್ಕರ್ ಒಲೆಗೆ ಇಟ್ಟಿದ್ದೆ. ಹೀಗೆ ದುಡ್ಡು ಎಣಿಸಿದರೆ ಆಯ್ತಲ್ಲ ನನ್ನ ಕಥೆ!

ಮೊದಲು ಮಾಡಿದ ಕೆಲಸ ಬರೆದಿಡುವುದು. ಗೋಡೆ ಕ್ಯಾಲೆಂಡರಿನ ಹಳೇ ಹಾಳೆಯ ಹಿಂದೆ ಒಂದು ವಾರ ಅವಳು ಎದ್ದ ಹೊತ್ತನ್ನೆಲ್ಲ ಬರೆದೆ. 10.15, 11.20, 12.10, 1.05, 2 ಗಂಟೆ, 2.50. ಹೆಚ್ಚುಕಮ್ಮಿ ಗಂಟೆಗೊಮ್ಮೆ. ಆ ಹಾಳೆ ಮಡಚಿಕೊಂಡು ಮಕ್ಕಳ ಡಾಕ್ಟರ ಹತ್ತಿರ ಹೋದೆ. ಅವರು ಮೊದಲು ನೋಡಿದ್ದು ತೂಕ. ಹುಟ್ಟುವಾಗ ಇದ್ದದ್ದಕ್ಕಿಂತ ಎರಡು ಪಟ್ಟು ದಾಟಿತ್ತು. "ಇದು ಹಸಿವಲ್ಲ. ಮಧ್ಯರಾತ್ರಿ ಕಳೆದ ಮೇಲೆ ಒಂದು ಸಲ ಹಾಲು ಕೊಡಿ, ಇವಳಿಗೆ ಅಷ್ಟು ಸಾಕು" ಅಂದರು. ಆಮೇಲೆ ನಾನು ಎಣಿಸದೇ ಇದ್ದ ಪ್ರಶ್ನೆ ಕೇಳಿದರು. "ರಾತ್ರಿ ಎಂಟಕ್ಕೆ ಮೊದಲ ಸಲ ಹೇಗೆ ಮಲಗಿಸ್ತೀರಿ?"

ಹೇಗೆ ಅಂದರೆ? ಹಾಲು ಕುಡಿಸುತ್ತಾ, ಇಲ್ಲದಿದ್ದರೆ ಜೋಲಿ ತೂಗಿ, ಅದಕ್ಕೂ ಬಗ್ಗದಿದ್ದರೆ ನಮ್ಮವರು ಹೆಗಲಿಗೆ ಹಾಕಿಕೊಂಡು ಅಂಗಳ ಸುತ್ತಿ. ಪೂರ್ತಿ ನಿದ್ದೆ ಬಂದ ಮೇಲೆ ಮೆಲ್ಲ ಇಳಿಸುವುದು.

ಅವರು ಹೇಳಿದ್ದರ ಸಾರ ಇಷ್ಟು. ಈ ಪ್ರಾಯದ ಮಗುವಿನ ನಿದ್ದೆ ಸುಮಾರು 50-60 ನಿಮಿಷಕ್ಕೊಮ್ಮೆ ತೆಳುವಾಗುತ್ತದೆ. ದೊಡ್ಡವರಿಗೂ ಹಾಗೇ, ಆದರೆ ನಮ್ಮದು ಸುಮಾರು ಒಂದೂವರೆ ಗಂಟೆಗೊಮ್ಮೆ. ನಾವು ಮಗ್ಗುಲು ಬದಲಿಸಿ ಮತ್ತೆ ಮಲಗುತ್ತೇವೆ, ಬೆಳಗ್ಗೆ ನೆನಪೂ ಇರುವುದಿಲ್ಲ. ತೂಗಾಟದಲ್ಲೇ ನಿದ್ದೆ ಹೋದ ಮಗು ಆ ತೆಳು ಹೊತ್ತಿನಲ್ಲಿ ತೂಗಾಟ ಹುಡುಕುತ್ತದೆ. ಮನೆಗೆ ಬರುವಾಗ ನನಗೆ ಬಸ್ಸಿನ ನೆನಪಾಯಿತು. ಮಂಗಳೂರಿನಿಂದ ಹೊರಟ ಬಸ್ಸಿನಲ್ಲಿ ಚಂದ ತೂಕಡಿಸುತ್ತಾ ಬರುತ್ತೇವೆ. ಮೂಲ್ಕಿಯಲ್ಲಿ ಬಸ್ ನಿಂತ ಕೂಡಲೇ ಕಣ್ಣು ಬಿಡುತ್ತೇವೆ, ಅಲ್ವಾ? ನನ್ನ ಮಗಳಿಗೆ ರಾತ್ರಿಯಿಡೀ ಬಸ್ ನಿಲ್ಲುತ್ತಿತ್ತು. ಡ್ರೈವರ್ ನಾನು.

ಅಂದರೆ ಎರಡು ಗಂಟೆ ರಾತ್ರಿಗೆ ಏನು ಮಾಡಬೇಕು ಅಂತ ತಲೆ ಕೆಡಿಸಿಕೊಂಡು ಪ್ರಯೋಜನವಿಲ್ಲ. ಎಂಟು ಗಂಟೆಯನ್ನು ಸರಿ ಮಾಡಬೇಕು. ಇದೊಂದು ತಲೆಗೆ ಹೋಗಲು ನನಗೆ ಐದು ತಿಂಗಳು ಬೇಕಾಯಿತು.

ಜೋಲಿ ಬಿಡಲು ಇನ್ನೊಂದು ಕಾರಣವೂ ಇತ್ತು. ಅವಳು ಮಗುಚಲು ಶುರು ಮಾಡಿದ್ದಳು. ಒಂದು ಮಧ್ಯಾಹ್ನ ನೋಡಿದರೆ ಜೋಲಿಯ ಬಟ್ಟೆಯಲ್ಲಿ ಒಂದು ಬದಿಗೆ ಜಾರಿ, ಗದ್ದ ಎದೆಗೆ ಒತ್ತಿಕೊಂಡಿತ್ತು. ಹಾಗೆ ಕುತ್ತಿಗೆ ಬಾಗಿದರೆ ಎಳೆ ಮಗುವಿಗೆ ಉಸಿರಾಟಕ್ಕೇ ತೊಂದರೆ. ಅವತ್ತೇ ತೀರ್ಮಾನ ಮಾಡಿದೆ. ನಮ್ಮ ಹಾಸಿಗೆಯ ಪಕ್ಕದಲ್ಲೇ ಅವಳಿಗೆ ಬೇರೆ ಗಟ್ಟಿ ಹಾಸಿಗೆ. ಅಂಗಾತ ಮಲಗಿಸುವುದು. ದಿಂಬಿಲ್ಲ, ತಲೆ ಗುಂಡಗಾಗಲಿ ಅಂತ ಅಮ್ಮ ಹೊಲಿದು ಕೊಟ್ಟ ಸಾಸಿವೆ ದಿಂಬೂ ಇಲ್ಲ. ಹೊದಿಕೆ, ಗೊಂಬೆ ಯಾವುದೂ ಇಲ್ಲ.

ಕುಲಾವಿ ತೆಗೆಸುವುದು ಇದಕ್ಕಿಂತ ಕಷ್ಟವಾಯಿತು. ಮೇ ತಿಂಗಳ ಉಡುಪಿ, ಸುಮ್ನೆ ಕೂತರೂ ಬೆವರು ಇಳಿಯುವ ಸೆಕೆ, ಅದರಲ್ಲಿ ತಲೆಗೆ ಕುಲಾವಿ, ಕಾಲಿಗೆ ಸಾಕ್ಸ್. "ಗಾಳಿ ತಾಗ್ತದೆ" ಅಂತ ಅತ್ತೆಯ ಹೆದರಿಕೆ. ಒಂದು ರಾತ್ರಿ ಅವರ ಕೈ ಹಿಡಿದು ಮಗುವಿನ ಕತ್ತಿನ ಹಿಂಬದಿಗೆ ಇಟ್ಟೆ. ಒದ್ದೆ. ಅಂಗೈ ಪಾದ ತಣ್ಣಗಿದ್ದರೆ ಲೆಕ್ಕವಿಲ್ಲ, ಸೆಕೆ ಆಗುತ್ತಿದೆಯೋ ಇಲ್ಲವೋ ಎಂದು ಕತ್ತು ಹೇಳುತ್ತದೆ. ಅತ್ತೆ ಏನೂ ಮಾತಾಡಲಿಲ್ಲ. ಕುಲಾವಿಯನ್ನು ಅವರೇ ತೆಗೆದರು. ಆಮೇಲೆ ತೆಳು ಹತ್ತಿ ಅಂಗಿ, ಫ್ಯಾನು, ಸೊಳ್ಳೆಗೆ ಕೊಡೆಯಂಥ ಪರದೆ, ಇಷ್ಟೇ. ಕಾಯಿಲ್ ಹೊಗೆ ಬೇಡವೆಂದೆ.

ಸಲಹೆಗಳಿಗೆ ಬರ ಇರಲಿಲ್ಲ. ಜಾಯಿಕಾಯಿ ತೇದು ನೆಕ್ಕಿಸು, ಜೇನು ಮುಟ್ಟಿಸು, ಬಜೆ ಕಟ್ಟು. ಡಾಕ್ಟರು ಜಾಯಿಕಾಯಿಗೆ ಖಡಾಖಂಡಿತ ಬೇಡ ಅಂದರು. ಅದರಿಂದ ಬರುವುದು ನಿದ್ದೆಯಲ್ಲ, ಮಂಪರು. ಜೇನು ಒಂದು ವರ್ಷದವರೆಗೆ ಮುಟ್ಟಿಸಲೇಬಾರದು. ಆರು ತಿಂಗಳಾದ ಮೇಲೆ ರಾತ್ರಿ ಹೊಟ್ಟೆ ತುಂಬಾ ರಾಗಿ ಮಣ್ಣಿ ತಿನ್ನಿಸಿದರೆ ಬೆಳಗಿನವರೆಗೆ ಏಳುವುದಿಲ್ಲ ಎಂಬುದನ್ನೂ ನೋಡಿಯಾಯಿತು. ಮಣ್ಣಿ ಪಾಪ ಒಳ್ಳೆಯದೇ. ಆದರೆ ಆ ರಾತ್ರಿ ಗ್ಯಾಸ್ ಆಗಿ ಜಾಸ್ತಿಯೇ ಎದ್ದಳು. ಮಾರನೇ ದಿನದಿಂದ ಮಣ್ಣಿ ಬೆಳಗ್ಗೆಗೆ ಹೋಯಿತು.

ಒಂದು ವಿಷಯದಲ್ಲಿ ಮಾತ್ರ ಹಳಬರ ಮಾತು ನನ್ನ ಕೈ ಹಿಡಿಯಿತು. ಮುಸ್ಸಂಜೆ ಹೊತ್ತಿಗೆ ಮಗು ಮಲಗಬಾರದು ಅಂತ ನಮ್ಮಲ್ಲಿ ಉಂಟಲ್ಲ, ಅದು. ಮೊದಲು ಇದೇ ಕಿರಿಕಿರಿಯಾಗುತ್ತಿತ್ತು. ಲೆಕ್ಕ ಹಾಕಿ ನೋಡಿದರೆ, ಐದಕ್ಕೆ ಕೊನೆಯ ನಿದ್ದೆಯಿಂದ ಎಬ್ಬಿಸಿ, ದೀಪ ಹಚ್ಚಿ ಭಜನೆ ಮುಗಿಯುವವರೆಗೆ ಅತ್ತೆಯ ಮಡಿಲಲ್ಲಿ ಕೂರಿಸಿದರೆ ಏಳೂಮುಕ್ಕಾಲಿಗೆ ಸರಿಯಾಗಿ ಕಣ್ಣುಜ್ಜುತ್ತಾಳೆ. ಬೆಳಗ್ಗೆ ಏಳಕ್ಕೆ ಜಗಲಿಗೆ ಕರೆತಂದು ಬೆಳಕು ತೋರಿಸುವುದನ್ನೂ ಶುರು ಮಾಡಿದೆ. ಬಾಣಂತಿ ಕೋಣೆಯಲ್ಲಿ ಮೂರು ತಿಂಗಳು ಕಿಟಕಿ ಮುಚ್ಚಿಯೇ ಇಟ್ಟಿದ್ದರು. ಹಗಲು ಯಾವುದು, ರಾತ್ರಿ ಯಾವುದು ಅಂತ ಮಗುವಿಗೆ ತಿಳಿಯುವುದಾದರೂ ಹೇಗೆ?

ಮೇ ಮೂರನೇ ವಾರ, ಅವಳಿಗೆ ಐದು ತಿಂಗಳು ತುಂಬಿದ ಮೇಲೆ, ಜೋಲಿ ಬಿಚ್ಚಿ ಸೀರೆ ಒಗೆದು ಹಾಕಿದೆ. ಏಳೂವರೆಗೆ ಹಾಲು, ದೀಪ ಉರಿಯುತ್ತಿರುವಾಗಲೇ, ಅವಳು ಎಚ್ಚರವಿರುವಾಗಲೇ. ಮೊದಲು ಹಾಲೇ ಕೊನೆಗಿತ್ತು, ಈಗ ಅದನ್ನು ಮುಂದಕ್ಕೆ ತಂದೆ. ಆಮೇಲೆ ಬಿಸಿನೀರಿನ ಬಟ್ಟೆಯಲ್ಲಿ ಒರೆಸಿ, ಪಾದಕ್ಕೆ ಎರಡು ಹನಿ ತೆಂಗಿನೆಣ್ಣೆ ಉಜ್ಜಿ, ದೀಪ ಆರಿಸಿ, ಒಂದೇ ಜೋಗುಳ. ಕಣ್ಣು ಬಿಟ್ಟಿರುವಾಗಲೇ ಹಾಸಿಗೆಗೆ ಇಳಿಸಿದೆ. ಎದೆಯ ಮೇಲೆ ಕೈ ಇಟ್ಟು ತಟ್ಟುತ್ತಾ ಪಕ್ಕದಲ್ಲೇ ಕೂತೆ.

ನಲವತ್ತು ನಿಮಿಷ ಕೂಗಿದಳು. ಕೋಣೆಯಲ್ಲಿ ಒಂಟಿಯಾಗಿ ಬಿಟ್ಟು ಬಾಗಿಲು ಹಾಕುವ ಧೈರ್ಯ ನನಗಿರಲಿಲ್ಲ, ಈಗಲೂ ಇಲ್ಲ. ಕೂಗು ಏರಿದಾಗ ಎರಡು ಸಲ ಎತ್ತಿಕೊಂಡೆ, ಇಳಿದ ಕೂಡಲೇ ಮತ್ತೆ ಮಲಗಿಸಿದೆ. ಬಾಗಿಲಾಚೆ ಅತ್ತೆ ನಿಂತಿದ್ದರು. "ಎಂತ ಮಾರಾಯ್ತಿ, ಮಗು ಅಷ್ಟು ಕೂಗ್ತಾ ಉಂಟು, ಒಮ್ಮೆ ನನ್ನ ಕೈಗೆ ಕೊಡು." ಅವರ ದನಿಯೂ ನಡುಗುತ್ತಿತ್ತು. ಮಗಳ ಅಳುವಿಗಿಂತ ಅದೇ ನನಗೆ ತಡೆಯಲಾಗಲಿಲ್ಲ.

ಮರುದಿನ ನಮ್ಮವರು ಒಂದು ಉಪಾಯ ಮಾಡಿದರು. ತುಳುನಾಡಿನ ಪತ್ತನಾಜೆ ದಿನ ಹತ್ತಿರ ಬಂದಿತ್ತು, ಯಕ್ಷಗಾನ ಮೇಳಗಳು ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ಸಮಯ. ಅತ್ತೆಗೆ ಆಟವೆಂದರೆ ಪ್ರಾಣ. ಊರ ಗದ್ದೆಯಲ್ಲಿ ಬೆಳಗಿನವರೆಗಿನ ಬಯಲಾಟಕ್ಕೆ ಅವರನ್ನು ಕರೆದುಕೊಂಡು ಹೋದರು. ಆ ರಾತ್ರಿ ಮೊದಲ ದಿನಕ್ಕಿಂತ ಜಾಸ್ತಿ ಕೂಗಿದಳು, ಐವತ್ತೈದು ನಿಮಿಷ. ನಾನೂ ಅತ್ತುಬಿಟ್ಟೆ. ಆಮೇಲೆ ಅವಳಿಗೆ ನಿದ್ದೆ ಬಂದದ್ದು ಹೇಗೆಂದರೆ, ದೂರದಿಂದ ಚೆಂಡೆಯ ಪೆಟ್ಟು ಕಿಟಕಿಗೆ ಬಂದು ಬಡಿಯುತ್ತಿದ್ದರೂ ಮಿಸುಕಲಿಲ್ಲ. ಅಲ್ಲಿಯವರೆಗೆ ಮನೆಯಲ್ಲಿ ಚಮಚ ಬಿದ್ದರೂ ನಾವು ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುತ್ತಿದ್ದೆವು! ಬೆಳಗ್ಗೆ ಆರಕ್ಕೆ ಕೆಂಪು ಕಣ್ಣಿನಲ್ಲಿ ಬಂದ ಅತ್ತೆ ಕೇಳಿದ ಮೊದಲ ಮಾತು, "ಕೂಗಿತಾ?" "ಇಲ್ಲ ಅತ್ತೆ" ಅಂದೆ. ಸುಳ್ಳು.

ನಾಲ್ಕನೇ ರಾತ್ರಿ ಹನ್ನೆರಡು ನಿಮಿಷ. ಒಂದು ವಾರದಲ್ಲಿ ಬರೀ ಕುಂಯ್ಗುಟ್ಟಿ, ಬೆರಳು ಚೀಪಿ, ಮಗ್ಗುಲಾಗಿ ಮಲಗುವಷ್ಟಕ್ಕೆ ಬಂತು. ತಟ್ಟುವುದನ್ನು ನಿಲ್ಲಿಸಿ ಬರೀ ಕೈ ಇಟ್ಟೆ, ಆಮೇಲೆ ಕೈಯನ್ನೂ ತೆಗೆದು ಪಕ್ಕದಲ್ಲಿ ಕೂತೆ.

ರಾತ್ರಿಗೆ ಒಂದೇ ನಿಯಮ. ಸದ್ದು ಕೇಳಿದ ಕೂಡಲೇ ಎತ್ತುವ ಹಾಗಿಲ್ಲ, ಗಡಿಯಾರ ನೋಡಿ ಮೂರು ನಿಮಿಷ ಕಾಯಬೇಕು. ಇದರಲ್ಲಿ ನನಗೆ ನಾಚಿಕೆಯಾಗುವಂಥ ವಿಷಯ ಗೊತ್ತಾಯಿತು. ಎಷ್ಟೋ ಸಲ ಅವಳು ಎದ್ದೇ ಇರುವುದಿಲ್ಲ. ಕಣ್ಣು ಮುಚ್ಚಿಯೇ ಇರುತ್ತದೆ. ಮುಖ ಸಿಂಡರಿಸುತ್ತಾಳೆ, ಕಾಲು ಝಾಡಿಸುತ್ತಾಳೆ, ಅಂ ಅಂ ಎಂದು ನರಳಿ ಹಾಗೇ ತಣ್ಣಗಾಗುತ್ತಾಳೆ. ಇಷ್ಟು ದಿನ ಆ ಸದ್ದಿಗೆ ಹಾರಿ ಎತ್ತಿಕೊಂಡು ಎಬ್ಬಿಸುತ್ತಿದ್ದವಳು ನಾನೇ. ನಿಜವಾಗಿ ಎದ್ದರೆ, ಹನ್ನೆರಡರ ಒಳಗಾದರೆ ನಮ್ಮವರ ಸರದಿ. ಅವರ ಹತ್ತಿರ ಹಾಲಿನ ವಾಸನೆ ಇಲ್ಲ, ಹಾಗಾಗಿ ಬೇಗ ಸುಮ್ಮನಾಗುತ್ತಿದ್ದಳು. ಹನ್ನೆರಡು ಕಳೆದ ಮೇಲೆ ಒಂದು ಸಲ ಹಾಲು, ದೀಪ ಹಾಕದೆ, ಮಾತಾಡದೆ.

ಕೆಲಸಕ್ಕೆ ಹೋಗುವ ಹೊತ್ತಿಗೆ ರಾತ್ರಿಗೆ ಒಂದೇ ಸಲ ಏಳುತ್ತಿದ್ದಳು. ಅಷ್ಟೂ ಏಳಬಾರದು ಅಂತ ಹಟ ಹಿಡಿಯಲಿಲ್ಲ. ಕೆನಡಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರು ತಿಂಗಳ ಮಕ್ಕಳಲ್ಲಿ 100ಕ್ಕೆ 38 ಮಕ್ಕಳು ಒಂದೇ ಸಮನೆ ಆರು ಗಂಟೆಯೂ ಮಲಗುತ್ತಿರಲಿಲ್ಲ. ಒಂದು ವರ್ಷಕ್ಕೂ 28 ಮಕ್ಕಳು ಹಾಗೇ ಇದ್ದರು. ಅದನ್ನು ಓದಿದ ದಿನ, ನನ್ನ ಮಗು ರಾತ್ರಿಯಿಡೀ ಮಲಗ್ತದೆ ಎನ್ನುವ ಅಕ್ಕಪಕ್ಕದವರ ಮಾತಿಗೆ ಬೇಜಾರು ಮಾಡಿಕೊಳ್ಳುವುದನ್ನು ಬಿಟ್ಟೆ.

ಮಳೆಗಾಲ ಬೇರೆ ಪಾಠ ಕಲಿಸಿತು. ಜೂನಿನಲ್ಲಿ ಗಾಳಿಮಳೆಗೆ ಕರೆಂಟ್ ಹೋದಾಗಲೆಲ್ಲ ಏಳುತ್ತಿದ್ದಳು. ಗುಡುಗಿಗಲ್ಲ, ಫ್ಯಾನು ನಿಂತ ಮೌನಕ್ಕೆ. ಹಳೇ ಫ್ಯಾನಿನ ಗರಗರ ಅವಳ ಹೊಸ ಜೋಲಿಯಾಗಿತ್ತು! ಕೋಣೆಯ ಫ್ಯಾನನ್ನು ಇನ್ವರ್ಟರಿಗೆ ಸೇರಿಸಿದೆವು. ಸೆಪ್ಟೆಂಬರಿನಲ್ಲಿ ಒಂಬತ್ತು ತಿಂಗಳ ಚುಚ್ಚುಮದ್ದು, ಜ್ವರ, ಅದರ ಬೆನ್ನಿಗೇ ಹಲ್ಲು. ಆ ವಾರ ನಿಯಮ ಗಿಯಮ ಏನಿಲ್ಲ, ರಾತ್ರಿಯಿಡೀ ಹೆಗಲ ಮೇಲೆ. ಗುಣವಾದ ಮೇಲೆ ಮತ್ತೆ ಮೂರು ರಾತ್ರಿ ಮೊದಲಿನಿಂದ.

ಈಗ ಹನ್ನೊಂದು ತಿಂಗಳು. ಎಂಟಕ್ಕೆ ಮಲಗಿದರೆ ಐದಕ್ಕೆ ಏಳುತ್ತಾಳೆ. ಐದೆಂದರೆ ಐದೇ, ಭಾನುವಾರವೂ. ಇದಕ್ಕೆ ನಾನು ಮಾಡಿದ ಯಾವ ಉಪಾಯವೂ ನಡೆಯಲಿಲ್ಲ. ಜೋಲಿ ಬಿಚ್ಚಿದ ದಿನದಿಂದ ಅತ್ತೆಗೆ ಒಂದು ಬೇಸರವಿತ್ತು. ರಾತ್ರಿ ತೂಗುವ ಕೆಲಸ ಅವರ ಕೈತಪ್ಪಿತ್ತು. ಈಗ ಐದಕ್ಕೆ ಅವಳು ಅಜ್ಜೀ ಅಂತ ಕರೆಯಲು ಪ್ರಯತ್ನಿಸುತ್ತಾ "ಜ್ಜೀ" ಅನ್ನುತ್ತಾಳೆ. ಅವರು ಹೇಗೂ ಆ ಹೊತ್ತಿಗೆ ಎದ್ದಿರುತ್ತಾರೆ. ಬಂದು ಎತ್ತಿಕೊಂಡು ದೇವರ ಹೂ ಕೊಯ್ಯಲು ಅಂಗಳಕ್ಕೆ ಹೋಗುತ್ತಾರೆ. ನಾನು ಮಗ್ಗುಲು ಬದಲಿಸಿ ಆರೂವರೆಯವರೆಗೆ ಮಲಗುತ್ತೇನೆ.