ಪಶುಪಾಲಕರ ಬದುಕನ್ನು ಅಧ್ಯಯನ ಮಾಡುವ ಅರ್ಥಶಾಸ್ತ್ರಜ್ಞರಾಗುವುದು ಹೇಗೆ?

ಸಂಪನ್ಮೂಲ ಅರ್ಥಶಾಸ್ತ್ರವನ್ನು ಓದಿ, ಪಶುಪಾಲಕ ಸಮುದಾಯಗಳ ಬಗ್ಗೆ ಸಂಶೋಧನೆ ನಡೆಸಿ, ಮುಂದೆ ಪ್ರಾಧ್ಯಾಪಕರಾಗಬೇಕೆಂದುಕೊಂಡಿರುವ ವಿದ್ಯಾರ್ಥಿಗಳು ಮೊದಲು ಮನಗಾಣಬೇಕಾದ ಸಂಗತಿಯೆಂದರೆ, ಈ ಕ್ಷೇತ್ರದಲ್ಲಿ ಬಿಡದೆ ಹಿಡಿದ ವರ್ಷಗಳೇ ಬಂಡವಾಳ. ಮಳೆ ಚೆನ್ನಾಗಿ ಬಿದ್ದ ವರ್ಷ ಹಿಂಡನ್ನು ನೋಡಿ ಬಂದವರಿಗೆ ಕುರಿಗಾರ ಸ್ಥಿತಿವಂತನಾಗಿ ಕಾಣುತ್ತಾನೆ, ಬರಗಾಲದಲ್ಲಿ ನೋಡಿ ಬಂದವರಿಗೆ ನಿರ್ಗತಿಕನಾಗಿ ಕಾಣುತ್ತಾನೆ. ಮಾರ್ಗದರ್ಶಕರು, ಅಧ್ಯಯನದ ಪ್ರದೇಶ, ಕೆಲಸ, ಯಾವುದನ್ನು ಆರಿಸುವಾಗಲೂ ಅದೇ ಕುಟುಂಬಗಳ ಬಳಿಗೆ ಮತ್ತೆ ಮತ್ತೆ ಹೋಗಲು ಅದು ಅವಕಾಶ ಕೊಡುತ್ತದೆಯೇ ಎಂದು ಕೇಳಿಕೊಳ್ಳಬೇಕು.

ಓದಿನ ದಾರಿ ಸ್ಪಷ್ಟವಾಗಿಯೇ ಇದೆ. ಬೆಂಗಳೂರು ಅಥವಾ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಕೃಷಿ ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿ ಪಡೆದು, ಬೆಂಗಳೂರಿನಲ್ಲಿ 1972ರಲ್ಲಿ ಆರಂಭವಾದ ಐಸೆಕ್‌ನಂಥ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ) ಸಂಶೋಧನಾ ಸಂಸ್ಥೆಯಲ್ಲೋ ಹೊರದೇಶದಲ್ಲೋ ಪಿಎಚ್.ಡಿ. ಮಾಡಬಹುದು. ಅರ್ಥಮಿತಿಯ (ಆರ್ಥಿಕ ಅಂಕಿಅಂಶಗಳನ್ನು ವಿಶ್ಲೇಷಿಸುವ ಶಾಸ್ತ್ರ) ಜೊತೆಗೆ ಹುಲ್ಲುಗಾವಲು ಪರಿಸರವಿಜ್ಞಾನ ಮತ್ತು ಪಶುಸಂಗೋಪನೆಯ ಒಂದೊಂದು ಪತ್ರಿಕೆಯನ್ನಾದರೂ ಓದಿಕೊಳ್ಳುವುದು ಅಗತ್ಯ. ಕುರಿ ಎಷ್ಟು ತಿಂಗಳಿಗೆ ಮರಿ ಹಾಕುತ್ತದೆ ಎಂಬುದು ಗೊತ್ತಿಲ್ಲದವರು ಬರೆದ ಪ್ರಶ್ನಾವಳಿಯನ್ನು ಕುರಿಗಾರರು ಮೊದಲ ಪುಟದಲ್ಲೇ ಅಳೆದುಬಿಡುತ್ತಾರೆ.

ಸಿದ್ಧಾಂತದ ಓದನ್ನು 1968ರಲ್ಲಿ ಅಮೆರಿಕದ ಪರಿಸರವಿಜ್ಞಾನಿ ಗ್ಯಾರೆಟ್ ಹಾರ್ಡಿನ್ ಮಂಡಿಸಿದ ವಾದದಿಂದ ಆರಂಭಿಸುವುದು ರೂಢಿ. ಎಲ್ಲರಿಗೂ ಸೇರಿದ ಮೇವುಭೂಮಿಯನ್ನು ಎಲ್ಲರೂ ಸೇರಿ ಹಾಳುಮಾಡುತ್ತಾರೆ ಎಂಬ ಆ ಮಾತನ್ನು, ಬಳಕೆದಾರರೇ ನಿಯಮ ಮಾಡಿಕೊಂಡು ಕಾಪಾಡಿಕೊಂಡ ನೆಲ ಜಲಗಳ ಉದಾಹರಣೆಗಳಿಂದ ಪ್ರಶ್ನಿಸಿದ ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ದೊರೆಯಿತು. ಭಾರತದ ಒಣಪ್ರದೇಶಗಳಲ್ಲಿ ಗೋಮಾಳದಂಥ ಸಾಮುದಾಯಿಕ ಭೂಮಿಯನ್ನು ಬಡವರೇ ಹೆಚ್ಚು ನೆಚ್ಚಿಕೊಂಡಿದ್ದಾರೆಂದು ಅರ್ಥಶಾಸ್ತ್ರಜ್ಞ ಎನ್. ಎಸ್. ಜೋಧಾ 1986ರಲ್ಲಿ ತೋರಿಸಿದ ಬರಹವನ್ನು ನಮ್ಮ ವಿದ್ಯಾರ್ಥಿಗಳು ಓದದೇ ಬಿಡಬಾರದು.

ವರ್ಷಗಳ ಬೆಲೆ ಏನೆಂಬುದಕ್ಕೆ ದಕ್ಷಿಣ ಇಥಿಯೋಪಿಯದ ಬೊರಾನ ದನಗಾಹಿಗಳ ಕುರಿತು 2004ರಲ್ಲಿ ಪ್ರಕಟವಾದ ಅಧ್ಯಯನಕ್ಕಿಂತ ಒಳ್ಳೆಯ ಪಾಠ ನನಗೆ ತಿಳಿದಿಲ್ಲ. ಕೇವಲ 55 ಕುಟುಂಬಗಳ, ಆದರೆ 17 ವರ್ಷಗಳ ಹಿಂಡಿನ ಚರಿತ್ರೆಯನ್ನು ಸಂಶೋಧಕರು ಹಿರಿಯರ ನೆನಪಿನಿಂದ ಕೇಳಿ ಬರೆದುಕೊಂಡರು. ಸುಮಾರು 15 ದನಗಳಿಗಿಂತ ಕೆಳಗೆ ಇಳಿದ ಕುಟುಂಬ ವಲಸೆ ಹೋಗುವ ಶಕ್ತಿಯನ್ನೇ ಕಳೆದುಕೊಂಡು, ಒಂದೇ ಕಡೆ ನಿಂತು ಮತ್ತಷ್ಟು ಬಡವಾಗುತ್ತಿತ್ತು. ಅದಕ್ಕಿಂತ ಮೇಲಿದ್ದ ಕುಟುಂಬ ಬರದ ನಂತರವೂ ಚೇತರಿಸಿಕೊಳ್ಳುತ್ತಿತ್ತು. ಸಾವಿರ ಮನೆಗಳನ್ನು ಒಮ್ಮೆ ಮಾತ್ರ ಸಮೀಕ್ಷೆ ಮಾಡಿದ್ದರೆ ಈ ಗೆರೆ ಕಾಣುತ್ತಿರಲಿಲ್ಲ.

ಇನ್ನು ಕ್ಷೇತ್ರಕಾರ್ಯ. "ನಿಮ್ಮ ಹತ್ತಿರ ಎಷ್ಟು ಕುರಿ ಇವೆ?" ಎಂದು ನೇರವಾಗಿ ಎಂದೂ ಕೇಳಬಾರದು. ದೃಷ್ಟಿ ತಾಕುವ ಭಯ, ಕಳ್ಳರ ಭಯ, ಬಂದವರು ಯಾವ ಇಲಾಖೆಯವರೋ ಎಂಬ ಅನುಮಾನ ಎಲ್ಲವೂ ಆ ಒಂದು ಪ್ರಶ್ನೆಯಿಂದ ಎದ್ದು ನಿಲ್ಲುತ್ತವೆ. ಹಿಂಡಿನ ಜಮಾ ಖರ್ಚನ್ನು ಕೇಳಬೇಕು. ಉದಾಹರಣೆಗೆ, ಯುಗಾದಿಯ ಹೊತ್ತಿಗೆ 80 ಇದ್ದವು, ಅಲ್ಲಿಂದೀಚೆಗೆ 50 ಮರಿ ಹುಟ್ಟಿದವು, ರೋಗಕ್ಕೆ 12 ಹೋದವು, ಸಂತೆಯಲ್ಲಿ 30 ಮಾರಿದರು, ಜಾತ್ರೆಗೆ 3 ಕೊಯ್ದರು ಎಂದಾದರೆ ಉಳಿಯಬೇಕಾದದ್ದು 85. ಕಣ್ಣೆದುರಿನ ಹಿಂಡಿನಲ್ಲಿ 110 ತಲೆಗಳಿದ್ದರೆ ಕುರಿಗಾರ ಸುಳ್ಳು ಹೇಳಿದನೆಂದು ತೀರ್ಮಾನಿಸುವುದು ದೊಡ್ಡ ಅನ್ಯಾಯ. ಮಿಕ್ಕ 25 ತಂಗಿಯ ಮನೆಯವರದಾಗಿರಬಹುದು, ಊರಿನ ಯಾರೋ ಪಾಲಿಗೆ ಸಾಕಲು ಕೊಟ್ಟದ್ದಾಗಿರಬಹುದು. ಹುಟ್ಟಿದ ಮರಿಗಳಲ್ಲಿ ಯಾರಿಗೆ ಎಷ್ಟು ಎಂಬ ಕರಾರು ಅಲ್ಲಿಂದಲೇ ಹೊರಬರುತ್ತದೆ. ಲೆಕ್ಕ ತಾಳೆಯಾಗದ ಜಾಗದಲ್ಲೇ ಸಂಶೋಧನೆಯ ಪ್ರಶ್ನೆ ಇರುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ. ಹಾಗೆಯೇ ಗೊಬ್ಬರಕ್ಕಾಗಿ ಹೊಲದಲ್ಲಿ ಮಂದೆ ನಿಲ್ಲಿಸಿದ ರಾತ್ರಿಗಳಿಗೆ ರೈತರು ಕೊಟ್ಟ ಹಣ ಮತ್ತು ಜೋಳವನ್ನು ಬೇರೆ ಬೇರೆಯಾಗಿ ಬರೆದುಕೊಳ್ಳಬೇಕು. ಮನೆಯ ಹೆಂಗಸರನ್ನು ಪ್ರತ್ಯೇಕವಾಗಿ ಮಾತನಾಡಿಸದೆ ಹೋದರೆ ಕಾಳು, ಸಾಲ ಮತ್ತು ಔಷಧದ ಖರ್ಚು ಪುಸ್ತಕಕ್ಕೆ ಬರುವುದೇ ಇಲ್ಲ.

ಪಿಎಚ್.ಡಿ.ಯ ನಾಲ್ಕೈದು ವರ್ಷಗಳಲ್ಲಿ ದೀರ್ಘಕಾಲದ ದತ್ತಾಂಶವನ್ನು ಹೊಸದಾಗಿ ಕಟ್ಟುವುದು ಕಷ್ಟವಾದ್ದರಿಂದ, ಈಗಾಗಲೇ ಇರುವುದರ ಮೇಲೆ ನಿಲ್ಲುವುದು ಜಾಣತನ. ಒಣಪ್ರದೇಶದ ಬೆಳೆಗಳ ಬಗ್ಗೆ ಸಂಶೋಧನೆ ನಡೆಸುವ ಅಂತರರಾಷ್ಟ್ರೀಯ ಸಂಸ್ಥೆ ಇಕ್ರಿಸ್ಯಾಟ್ 1975ರಲ್ಲಿ ಆರಂಭಿಸಿದ ಗ್ರಾಮ ಅಧ್ಯಯನಗಳಲ್ಲಿ ಒಂದೇ ಮನೆಗಳನ್ನು ವರ್ಷದಿಂದ ವರ್ಷಕ್ಕೆ ಹಿಂಬಾಲಿಸಿದ ಮಾಹಿತಿ ಇದೆ. 2024ರಲ್ಲಿ ಚಾಲನೆ ಪಡೆದ 21ನೇ ಜಾನುವಾರು ಗಣತಿ ಅಲೆಮಾರಿ ಪಶುಪಾಲಕರನ್ನು ಮೊದಲ ಬಾರಿಗೆ ಪ್ರತ್ಯೇಕವಾಗಿ ಲೆಕ್ಕಕ್ಕೆ ತೆಗೆದುಕೊಂಡಿದೆ. ಮಾದರಿ ಕುಟುಂಬಗಳನ್ನು ಆರಿಸಲು ಅದು ನೆರವಾದೀತು.

ಕೆಲಸ ಸಿಕ್ಕ ಮೇಲೆ ಪಾಠದ ಹೊರೆಯನ್ನು ಹಿಂಡುಗಳ ಪಂಚಾಂಗಕ್ಕೆ ಹೊಂದಿಸಿಕೊಳ್ಳಬೇಕು. ಕುರಿಗಾರರು ಊರಿಗೆ ಮರಳುವ ತಿಂಗಳುಗಳಲ್ಲಿ ಮಾತ್ರ ಭೇಟಿ ಕೊಟ್ಟರೆ ವಲಸೆಯ ಖರ್ಚು, ದಾರಿಯ ಜಗಳ, ಹೊಲದೊಡೆಯರ ಜೊತೆಗಿನ ಒಪ್ಪಂದ ಯಾವುದೂ ತಿಳಿಯುವುದಿಲ್ಲ. ಪ್ರಬಂಧಗಳ ಸಂಖ್ಯೆ ಮೊದಲ ವರ್ಷಗಳಲ್ಲಿ ಕಡಿಮೆಯೇ ಇರುತ್ತದೆ, ಇದನ್ನು ಸಂದರ್ಶನದಲ್ಲಿ ಧೈರ್ಯವಾಗಿ ವಿವರಿಸಲು ಸಿದ್ಧರಿರಬೇಕು. ಆದರೆ ಕೂಡಿಟ್ಟ ಲೆಕ್ಕ ಮುಂದೆ ಫಲ ಕೊಡುತ್ತದೆ. ಉತ್ತರ ಕೀನ್ಯಾದ ಮಾರ್ಸಬಿಟ್‌ನಲ್ಲಿ 2010ರಲ್ಲಿ ಆರಂಭವಾದ ಜಾನುವಾರು ವಿಮೆ, ಉಪಗ್ರಹ ತೋರಿಸುವ ಹಸಿರಿನ ಪ್ರಮಾಣವನ್ನು ನೋಡಿ ಪರಿಹಾರ ಕೊಡುವಂಥದ್ದು. ಅದೇ ಭಾಗದ ಕುಟುಂಬಗಳಿಂದ ಮೊದಲೇ ಸಂಗ್ರಹವಾಗಿದ್ದ ಜಾನುವಾರು ಸಾವಿನ ಲೆಕ್ಕವಿಲ್ಲದೆ ಅದನ್ನು ರೂಪಿಸಲಾಗುತ್ತಿರಲಿಲ್ಲ. ನಮ್ಮಲ್ಲೂ ಚಳ್ಳಕೆರೆಯ ಅಮೃತಮಹಲ್ ಕಾವಲು ಎಂಬ ಹುಲ್ಲುಗಾವಲಿನ ಸಾವಿರಾರು ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹಂಚಿಕೆಯಾದಾಗ ಕುರಿಗಾರರು ಕಳೆದುಕೊಂಡದ್ದು ಎಷ್ಟೆಂದು ಹೇಳಲು ಬೇಕಾದದ್ದು ಇಂಥ ವರ್ಷಾನುಗಟ್ಟಲೆಯ ಲೆಕ್ಕವೇ. ಆದ್ದರಿಂದ ಪ್ರತಿ ವರ್ಷದ ಸಾರಾಂಶವನ್ನು ಕನ್ನಡದಲ್ಲಿ ಬರೆದು ಆ ಕುಟುಂಬಗಳಿಗೂ ಗ್ರಾಮ ಪಂಚಾಯಿತಿಗೂ ಕೊಡಬೇಕು, ಹೆಸರುಗಳನ್ನು ತೆಗೆದ ದತ್ತಾಂಶವನ್ನು ಮುಂದಿನ ಸಂಶೋಧಕರು ಬಳಸುವಂತೆ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಒಪ್ಪಿಸಬೇಕು.