ಡಿ ಅಂಡ್ ಡಿ 2024 ರೂಲ್ಸ್‌ಗೆ ಹೋಗ್ಬೇಕಾ ಬೇಡ್ವಾ, ಹೀಗೆ ನೋಡಿ ಡಿಸೈಡ್ ಮಾಡಿ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಅಂದ್ರೆ ಒಬ್ಬೊಬ್ರು ಒಂದೊಂದು ಪಾತ್ರ ಆಗಿ, ಡೈಸ್ ಉರುಳಿಸ್ತಾ ಕಥೆ ನಡೆಸೋ ಟೇಬಲ್ ಆಟ. ಅದ್ರ ಹೊಸ ಪ್ಲೇಯರ್ಸ್ ಹ್ಯಾಂಡ್‌ಬುಕ್ 2024 ಸೆಪ್ಟೆಂಬರ್‌ನಲ್ಲಿ ಬಂತು, ನವೆಂಬರ್‌ನಲ್ಲಿ ಡಂಜನ್ ಮಾಸ್ಟರ್ಸ್ ಗೈಡ್, 2025 ಫೆಬ್ರವರಿಲಿ ಮಾನ್ಸ್ಟರ್ ಮ್ಯಾನ್ಯುಯಲ್. 2014ರ ಪುಸ್ತಕ ಇಟ್ಕೊಂಡು ಆಡ್ತಿರೋರೆಲ್ಲ ಈಗ ಕೇಳೋದು ಒಂದೇ, ಬದಲಾಯಿಸ್ಬೇಕಾ? ನನ್ನ ಪ್ರಕಾರ ಎರಡ್ರಲ್ಲಿ ಯಾವುದ್ರಲ್ಲಿ ಬೇಕಾದ್ರೂ ಚೆನ್ನಾಗಿ ಆಡ್ಬಹುದು, ಆದ್ರೆ ಒಂದೇ ಟೇಬಲ್‌ನಲ್ಲಿ ಒಬ್ರು ಹಳೇ ರೂಲ್ ಇನ್ನೊಬ್ರು ಹೊಸ ರೂಲ್ ಹಿಡ್ಕೊಂಡು ಕೂತ್ರೆ ಆಟ ಕೆಡುತ್ತೆ.

ಮೊದ್ಲು ದುಡ್ಡು ಹಾಕ್ಬೇಡಿ. ಪುಸ್ತಕ ಒಂದೊಂದಕ್ಕೂ ಅಮೆರಿಕದಲ್ಲೇ 49.99 ಡಾಲರ್, ಮೂರೂ ತಗೊಂಡ್ರೆ 150 ಹತ್ರ ಆಗುತ್ತೆ. ಡಿ ಅಂಡ್ ಡಿ ಬಿಯಾಂಡ್ ಅನ್ನೋ ಆಟದ ಅಧಿಕೃತ ವೆಬ್‌ಸೈಟ್‌ನಲ್ಲಿ ಫ್ರೀ ರೂಲ್ಸ್ ಇದೆ, ಅದಲ್ದೆ ಎಸ್ಆರ್‌ಡಿ 5.2 ಅಂತ ಮುಖ್ಯ ರೂಲ್ಸ್ ಇರೋ ಫ್ರೀ ಡಾಕ್ಯುಮೆಂಟ್‌ನ 2025ರಲ್ಲಿ ಯಾರು ಬೇಕಾದ್ರೂ ಬಳಸ್ಬಹುದಾದ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ನಲ್ಲಿ ಬಿಟ್ಟಿದ್ದಾರೆ, ಹನ್ನೆರಡೂ ಕ್ಲಾಸ್ (ಫೈಟರ್, ಮಂಕ್, ಪ್ಯಾಲಡಿನ್, ಡ್ರೂಯಿಡ್ ಥರ ಪಾತ್ರದ ಬಗೆ) ಅದ್ರಲ್ಲಿದೆ, ಒಂದೊಂದಕ್ಕೆ ಒಂದೊಂದು ಸಬ್‌ಕ್ಲಾಸ್ (ಆ ಬಗೆಯ ಒಳಗಿನ ಕವಲು). ಅಷ್ಟರಲ್ಲೇ ಒಂದು ಸಣ್ಣ ಕಥೆ ಆಡಿ ನೋಡಿ, ಫೈಟರ್ ಒಬ್ರು ಇರಲೇಬೇಕು, ಯಾಕಂದ್ರೆ ವೆಪನ್ ಮಾಸ್ಟರಿ ಅನ್ನೋದು ಹೊಸ ಎಡಿಷನ್‌ನಲ್ಲಿ ನಂಗೆ ತುಂಬಾ ಇಷ್ಟ ಆಗಿರೋದು. ಆಯುಧ ಬದಲಾದ್ರೆ ಹೊಡೆಯೋ ರೀತಿನೂ ಬದಲಾಗುತ್ತೆ, ಒಂದು ತಳ್ಳುತ್ತೆ, ಇನ್ನೊಂದು ಬೀಳ್ಸುತ್ತೆ, ಸುಮ್ನೆ "ಅಟ್ಯಾಕ್ ಮಾಡ್ತೀನಿ" ಅಂತ ಕೂತಿರ್ತಿದ್ದ ಪ್ಲೇಯರ್ ಯೋಚ್ನೆ ಮಾಡೋಕೆ ಶುರು ಮಾಡ್ತಾರೆ.

ಆಮೇಲೆ ನಿಮ್ ಕ್ಯಾಂಪೇನ್ (ಹಲವು ಸಲ ಕೂತು ಮುಂದುವರಿಸೋ ಕಥೆ) ಎಲ್ಲಿದೆ ನೋಡಿ. ಹೊಸದಾಗಿ ಶುರು ಮಾಡ್ತಿದ್ರೆ, ಅದ್ರಲ್ಲೂ ಮೊದಲ ಸಲ ಆಡೋರಿದ್ರೆ, ಯೋಚ್ನೆನೇ ಬೇಡ, 2024ರಿಂದಾನೇ ಶುರು ಮಾಡಿ, ಪುಸ್ತಕದ ಜೋಡಣೆ ಹೊಸಬ್ರಿಗೆ ತುಂಬಾ ಸಲೀಸು. ಕಥೆ ಮುಗಿಯೋಕೆ ಬಂದಿದ್ರೆ ಹಳೇದ್ರಲ್ಲೇ ಮುಗ್ಸಿ. ನಡುವಲ್ಲಿದ್ರೆ ಮಾತ್ರ ಕಷ್ಟ, ಆಗ ಒಬ್ಬೊಬ್ರ ಕ್ಯಾರೆಕ್ಟರ್‌ಗೂ ಏನಾಗುತ್ತೆ ಅಂತ ನೋಡ್ಲೇಬೇಕು. ಮಂಕ್ ಆಡೋರಿಗೆ ಲಾಭ. ಪ್ಯಾಲಡಿನ್ ಆಡೋರಿಗೆ ಬೇಜಾರಾಗುತ್ತೆ, ಮುಂಚೆ ಹೊಡೆತ ಬಿದ್ದಾಗೆಲ್ಲ ಡಿವೈನ್ ಸ್ಮೈಟ್ (ಹೊಡೆತಕ್ಕೆ ಸೇರೋ ಹೆಚ್ಚುವರಿ ಏಟು) ಹಾಕ್ಬಹುದಿತ್ತು, ಈಗ ಅದೊಂದು ಸ್ಪೆಲ್, ಬೋನಸ್ ಆಕ್ಷನ್ (ಟರ್ನ್‌ಗೆ ಒಂದೇ ಸಿಗೋ ಚಿಕ್ಕ ಕ್ರಿಯೆ) ಬೇಕು, ಹಾಗಾಗಿ ಟರ್ನ್‌ಗೆ ಒಂದೇ ಸಲ. ಕಂಜೂರ್ ಅನಿಮಲ್ಸ್ ಸ್ಪೆಲ್ ಹಾಕಿ ಎಂಟು ತೋಳ ಕರೀತಿದ್ದ ಡ್ರೂಯಿಡ್‌ಗೂ ಅಷ್ಟೇ, ಈಗ ಬರೋದು ಒಂದು ಆತ್ಮಗಳ ಹಿಂಡು, ಎಂಟು ಬೇರೆ ಬೇರೆ ಪ್ರಾಣಿ ಅಲ್ಲ (ಎಂಟು ತೋಳಗಳ ಟರ್ನ್ ಮುಗಿಯೋವರ್ಗೂ ಕಾಯ್ತಿದ್ದ ಉಳಿದವ್ರಿಗೆ ಇದು ಒಳ್ಳೇದೇ ಆಯ್ತು). ಯಾರಿಗೆ ಏನು ಹೋಗುತ್ತೆ ಅಂತ ಡಿಎಂ (ಡಂಜನ್ ಮಾಸ್ಟರ್, ಅಂದ್ರೆ ಕಥೆ ನಡೆಸೋರು) ಮುಂಚೇನೇ ಕೂತು ಮಾತಾಡ್ಬೇಕು, ಫೈಟ್ ಮಧ್ಯ ಗೊತ್ತಾಗ್ಬಾರ್ದು.

ಬದಲಾಯಿಸೋದು ಅಂತಾದ್ರೆ ಎಲ್ರೂ ಒಂದೇ ದಿನ ಬದಲಾಯಿಸಿ, ಒಂದು ಸಾಹಸ ಮುಗ್ದು ಊರಿಗೆ ವಾಪಸ್ ಬಂದಿರೋ ಟೈಮ್ ನೋಡ್ಕೊಂಡು. ಒಂದೇ ಹೆಸರಿನ ವಿಷಯ ಎರಡರಲ್ಲೂ ಇದ್ರೆ 2024ರದ್ದೇ ಲೆಕ್ಕ, ಇದನ್ನ ಗಟ್ಟಿಯಾಗಿ ಹಿಡ್ಕೊಳ್ಳಿ. ಯಾಕಂದ್ರೆ ಹೆಸರು ಅದೇ, ಒಳಗಿರೋದು ಬೇರೆ. ಮೊದಲ ಲೆವೆಲ್‌ನಲ್ಲಿ ಗಾಯ ವಾಸಿ ಮಾಡೋ ಕ್ಯೂರ್ ವೂಂಡ್ಸ್ ಸ್ಪೆಲ್ 1ಡಿ8 (ಎಂಟು ಮುಖದ ಡೈಸ್ ಒಂದು) ಇದ್ದಿದ್ದು 2ಡಿ8 ಆಗಿದೆ. ಇನ್ನೊಬ್ರ ಸ್ಪೆಲ್ ತಡೆಯೋ ಕೌಂಟರ್‌ಸ್ಪೆಲ್‌ಗೆ ಈಗ ಎದುರಿನವ್ರು ಕಾನ್‌ಸ್ಟಿಟ್ಯೂಷನ್ ಸೇವ್ (ದೇಹದ ಗಟ್ಟಿತನದ ಮೇಲೆ ತಡ್ಕೊಳ್ಳೋಕೆ ಹಾಕೋ ರೋಲ್) ಮಾಡ್ಬೇಕು. ಸರ್‌ಪ್ರೈಸ್ ಆದ್ರೆ ಟರ್ನ್ ಹೋಗಲ್ಲ, ಇನಿಷಿಯೇಟಿವ್‌ಗೆ (ಯಾರ ಸರದಿ ಮೊದ್ಲು ಅಂತ ನೋಡೋ ರೋಲ್) ಡಿಸ್‌ಅಡ್ವಾಂಟೇಜ್ (ಎರಡು ಸಲ ಉರುಳಿಸಿ ಕಡಿಮೆದು ತಗೊಳ್ಳೋದು) ಅಷ್ಟೇ. ಎಕ್ಸಾಷನ್ (ಸುಸ್ತು) ಒಂದೊಂದು ಲೆವೆಲ್‌ಗೂ ಡಿ20 (ಇಪ್ಪತ್ತು ಮುಖದ ಡೈಸ್) ರೋಲ್‌ನಲ್ಲಿ 2 ಕಳೀಬೇಕು. ಡಿ ಅಂಡ್ ಡಿ ಬಿಯಾಂಡ್‌ನಲ್ಲಿ ಶೀಟ್ (ಕ್ಯಾರೆಕ್ಟರ್ ವಿವರ ಬರೆಯೋ ಹಾಳೆ) ಮಾಡೋರಿಗೆ ಹಳೇದ್ರ ಪಕ್ಕ ಲೆಗಸಿ ಅಂತ ಬರೆದಿರುತ್ತೆ, ಅದನ್ನ ನೋಡ್ಕೊಂಡು ಆರ್ಸ್ಕೊಳ್ಳಿ.

ಕ್ಯಾರೆಕ್ಟರ್ ಬದಲಾಯಿಸೋವಾಗ ಹಳೇ ಶೀಟ್ ತಿದ್ದೋಕೆ ಹೋಗ್ಬೇಡಿ, ಅದೇ ಲೆವೆಲ್‌ಗೆ ಖಾಲಿ ಶೀಟ್‌ನಲ್ಲಿ ಮತ್ತೆ ಕಟ್ಟಿ, ಮ್ಯಾಜಿಕ್ ಐಟಮ್ಸ್ ಹಾಗೇ ಇರ್ಲಿ. ರೇಸ್ (ಎಲ್ಫ್, ಮನುಷ್ಯ ಥರದ ಕುಲ) ಈಗ ಸ್ಪೀಷೀಸ್ ಆಗಿದೆ, ಎಬಿಲಿಟಿ ಸ್ಕೋರ್ (ಶಕ್ತಿ, ಬುದ್ಧಿ ಥರದ ಅಂಕ) ಹೆಚ್ಚೋದು ಅದ್ರಿಂದ ಅಲ್ಲ, ಬ್ಯಾಕ್‌ಗ್ರೌಂಡ್‌ನಿಂದ (ಪಾತ್ರದ ಹಿಂದಿನ ಬದುಕು), ಜೊತೆಗೆ ಒಂದು ಒರಿಜಿನ್ ಫೀಟ್ (ವಿಶೇಷ ಸಾಮರ್ಥ್ಯ) ಕೂಡ ಸಿಗುತ್ತೆ. ಹಾಫ್ ಎಲ್ಫ್ ಹೊಸ ಪುಸ್ತಕದಲ್ಲಿ ಇಲ್ಲ, ಆದ್ರೆ ಹಳೇ ಪುಸ್ತಕದಿಂದ ತರ್ಬಹುದು, ಅಲ್ಲಿರೋ ಸ್ಕೋರ್ ಬೋನಸ್ ಮಾತ್ರ ಬಿಟ್ಬಿಡಿ, ಇಲ್ದಿದ್ರೆ ಎರಡು ಕಡೆಯಿಂದ್ಲೂ ಸಿಕ್ಕಂಗಾಗುತ್ತೆ. ಹೊಸದ್ರಲ್ಲಿ ಸಬ್‌ಕ್ಲಾಸ್ ಎಲ್ಲಾ ಕ್ಲಾಸ್‌ಗೂ 3ನೇ ಲೆವೆಲ್‌ನಿಂದ, ಹಳೇ ಸಬ್‌ಕ್ಲಾಸ್ ತಂದ್ರೂ ಅಲ್ಲಿಂದಾನೇ ಶುರು ಮಾಡಿ.

ಡಿಎಂಗಳು ಹಳೇ ಅಡ್ವೆಂಚರ್ ಪುಸ್ತಕ ಬಿಸಾಕ್ಬೇಡಿ, ಎಲ್ಲಾ ನಡೆಯುತ್ತೆ, ಹೊಸ ಮಾನ್ಸ್ಟರ್ ಮ್ಯಾನ್ಯುಯಲ್ ಇದ್ರೆ ಅದೇ ಹೆಸರಿನ ಮಾನ್ಸ್ಟರ್‌ನ ಅಲ್ಲಿಂದ ತಗೊಳ್ಳಿ. ಹೊಸ ಕ್ಯಾರೆಕ್ಟರ್‌ಗಳ ಕೈ ಸ್ವಲ್ಪ ಜೋರು, ಹಳೇ ಫೈಟ್‌ಗಳು ಬೇಗ ಮುಗಿಯೋ ಚಾನ್ಸ್ ಇದೆ, ಹಾಗಾದ್ರೆ ಒಂದೆರಡು ಮಾನ್ಸ್ಟರ್ ಹೆಚ್ಚಿಗೆ ಇಟ್ಟು ನೋಡಿ. ಪುಸ್ತಕ ಕೊಂಡ್ಕೊಳ್ಳೋದಾದ್ರೆ ಮೊದ್ಲು ಪ್ಲೇಯರ್ಸ್ ಹ್ಯಾಂಡ್‌ಬುಕ್ ಒಂದೇ, ಎಲ್ರೂ ಸೇರಿ ಒಂದು ಕಾಪಿ ಸಾಕು.

ಆಡಿ ನೋಡಿದ್ಮೇಲೆ ಗುಂಪಲ್ಲಿ ಯಾರಿಗೂ ಮನಸ್ಸಿಲ್ಲ ಅಂದ್ರೆ ಒತ್ತಾಯ ಮಾಡ್ಬೇಡಿ. 2014ರ ರೂಲ್ಸ್ ಎಲ್ಲೂ ಹೋಗಲ್ಲ, ಅದ್ರ ಎಸ್ಆರ್‌ಡಿ 5.1 ಕೂಡ 2023 ಜನವರಿಯಿಂದ ಕ್ರಿಯೇಟಿವ್ ಕಾಮನ್ಸ್‌ನಲ್ಲೇ ಇದೆ, ಅದನ್ನ ಇನ್ನು ವಾಪಸ್ ತಗೊಳ್ಳೋಕಾಗಲ್ಲ.