ಘಟ್ಟದ ಮೇಲಿದ್ದು ಸ್ಕೂಬಾ ಮೇಷ್ಟ್ರಾಗುವುದು ಹೇಗೆ?

ಕೊಡಗಿನಲ್ಲಿ ಕಡಲಿಲ್ಲ. ಸ್ಕೂಬಾ, ಅಂದರೆ ಗಾಳಿಯ ಸಿಲಿಂಡರ್ ಹೊತ್ತು ನೀರಿನೊಳಗೆ ಇಳಿಯುವುದನ್ನು ಕಲಿಸುವ ಕೆಲಸಕ್ಕೆ ಹೊರಡುವವರಿಗೆ ಅದೇನೂ ದೊಡ್ಡ ಅಡ್ಡಿಯಲ್ಲ, ವರ್ಷದ ಲೆಕ್ಕಾಚಾರ ಸರಿಯಾಗಿ ಹಾಕಿಕೊಂಡರೆ ಸಾಕು. ನಮ್ಮ ಕರಾವಳಿಯಲ್ಲಿ ಹೆಸರಾದ ಡೈವಿಂಗ್ ಜಾಗ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪ. ಮಳೆಗಾಲದಲ್ಲಿ ಅಲ್ಲಿಗೆ ಬೋಟ್ ಬಿಡುವುದಿಲ್ಲ. ಮಳೆ ನಿಂತು ಸೀಸನ್ ಶುರುವಾಗಿ ಒಂದೆರಡು ತಿಂಗಳಾಗುವಷ್ಟರಲ್ಲಿ ಕಾಫಿ ಕೊಯ್ಲು ಬರುತ್ತದೆ. ತೋಟ ಇರುವವರು ಆಗ ಅಲ್ಲಾಡುವ ಹಾಗಿಲ್ಲ, ಅಲ್ವಾ? ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್ ಓದಿಗೆ ಮತ್ತು ಈಜುಕೊಳಕ್ಕೆ. ಅಕ್ಟೋಬರ್–ನವೆಂಬರ್, ಆಮೇಲೆ ಮಾರ್ಚ್–ಏಪ್ರಿಲ್ ಸಮುದ್ರಕ್ಕೆ.

ಮೆಟ್ಟಿಲುಗಳು

ತರಬೇತಿ ಸಂಸ್ಥೆಗಳು ಹಲವು ಇವೆ. ಇಲ್ಲಿ ಹೇಳುತ್ತಿರುವುದು ಪ್ಯಾಡಿ ಸಂಸ್ಥೆಯ ದಾರಿ. ಓಪನ್ ವಾಟರ್, ಅಡ್ವಾನ್ಸ್‌ಡ್, ರೆಸ್ಕ್ಯೂ, ಡೈವ್‌ಮಾಸ್ಟರ್ (ಬೇರೆ ಡೈವರ್‌ಗಳನ್ನು ಕರೆದೊಯ್ಯುವವರು) ಎಂಬ ಹಂತಗಳಾದ ಮೇಲೆ ಇನ್‌ಸ್ಟ್ರಕ್ಟರ್ ಕೋರ್ಸ್, ಅಂದರೆ ಐಡಿಸಿ. ಕೊನೆಗೆ ಐಇ ಎಂಬ ಪರೀಕ್ಷೆ. ವಯಸ್ಸು 18 ತುಂಬಿರಬೇಕು, ಡೈವರ್ ಸರ್ಟಿಫಿಕೇಟ್ ಸಿಕ್ಕಿ ಆರು ತಿಂಗಳಾಗಿರಬೇಕು. ಐಡಿಸಿಗೆ ಸೇರುವಾಗ ಲಾಗ್‌ಬುಕ್‌ನಲ್ಲಿ (ಮಾಡಿದ ಡೈವ್‌ಗಳನ್ನು ಬರೆದಿಡುವ ಪುಸ್ತಕ) 60 ಡೈವ್, ಐಇ ಹೊತ್ತಿಗೆ 100. ಅದರಲ್ಲಿ ರಾತ್ರಿ ಡೈವ್, ಆಳದ ಡೈವ್, ದಿಕ್ಸೂಚಿ ಹಿಡಿದು ದಾರಿ ಹುಡುಕಿದ ಡೈವ್ ಇರಲೇಬೇಕು. ಪ್ರಥಮ ಚಿಕಿತ್ಸೆ ಮತ್ತು ಸಿಪಿಆರ್ ತರಬೇತಿ 24 ತಿಂಗಳಿಗಿಂತ ಹಳೆಯದಾಗಿರಬಾರದು.

ನೇತ್ರಾಣಿಯೊಂದನ್ನೇ ನಂಬಿ 100 ಮುಟ್ಟುವುದು ನಿಧಾನದ ಕೆಲಸ. ಡೈವ್‌ಮಾಸ್ಟರ್ ಆದ ಮೇಲೆ ಒಂದು ಸೀಸನ್ ಅಂಡಮಾನ್‌ನ ಸ್ವರಾಜ್ ದ್ವೀಪದಲ್ಲೋ (ಹಳೆಯ ಹ್ಯಾವ್‌ಲಾಕ್) ಪುದುಚೇರಿಯಲ್ಲೋ ಕೆಲಸ ಮಾಡಿ. ಲಾಗ್‌ಬುಕ್ ತಾನಾಗಿಯೇ ತುಂಬುತ್ತದೆ.

ಮಳೆಗಾಲದ ಮನೆಪಾಠ

ಮೊದಲು ಡಾಕ್ಟರ್ ಹತ್ತಿರ ಹೋಗಿ. ಆಸ್ತಮಾ, ಕಿವಿ, ಹೃದಯದ ತೊಂದರೆ ಮುಚ್ಚಿಡಬೇಡಿ. 12 ತಿಂಗಳೊಳಗೆ ಡಾಕ್ಟರ್ ಸಹಿ ಹಾಕಿದ ಮೆಡಿಕಲ್ ಫಾರಂ ಕೇಳುತ್ತಾರೆ. ಈಜಿನಲ್ಲಿ ಡೈವ್‌ಮಾಸ್ಟರ್ ಹಂತಕ್ಕೇ 400 ಮೀಟರ್ ನಿಲ್ಲದೆ ಈಜಬೇಕು, 15 ನಿಮಿಷ ತೇಲಬೇಕು. ಕೊನೆಯ ಎರಡು ನಿಮಿಷ ಕೈ ನೀರಿನ ಮೇಲೆ! ಕಷ್ಟ ಅನಿಸುವುದು ಅಲ್ಲೇ.

ಥಿಯರಿಯಲ್ಲಿ ಐದು ವಿಷಯ, ಪ್ರತಿಯೊಂದರಲ್ಲೂ 75% ಬೇಕು. ಹೆಚ್ಚಿನವರು ಹೆದರುವುದು ಭೌತಶಾಸ್ತ್ರಕ್ಕೆ. ಒಂದು ಲೆಕ್ಕ ನೋಡಿ. ಸಮುದ್ರದ ತಳದಲ್ಲಿ 150 ಕಿಲೋ ತೂಕದ ವಸ್ತು ಇದೆ, ಅದು 100 ಲೀಟರ್ ನೀರನ್ನು ಪಕ್ಕಕ್ಕೆ ಸರಿಸಿದೆ. ಒಂದು ಲೀಟರ್ ಸಮುದ್ರದ ನೀರು 1.03 ಕಿಲೋ, ಅಂದರೆ 103 ಕಿಲೋ ಭಾರವನ್ನು ನೀರೇ ಹೊತ್ತಿದೆ. ಉಳಿದ 47 ಕಿಲೋವನ್ನು 1.03ರಿಂದ ಭಾಗಿಸಿ. ವಸ್ತುವಿಗೆ ಕಟ್ಟಿದ ಚೀಲಕ್ಕೆ ಸುಮಾರು 45.6 ಲೀಟರ್ ಗಾಳಿ ತುಂಬಿದರೆ ಅದು ಮುಳುಗದೆ, ಏಳದೆ ನಿಲ್ಲುತ್ತದೆ. ಇಷ್ಟೇ. ಇಂಥವನ್ನೇ ಹತ್ತಾರು ಮಾಡಿದರೆ ಭಯ ಹೋಗುತ್ತದೆ, ಸುಮ್ನೆ ಬಾಯಿಪಾಠ ಮಾಡಿದರೆ ಹೋಗುವುದಿಲ್ಲ.

ಚೆನ್ನಾಗಿ ಮಾಡುವುದು ಬೇರೆ, ತೋರಿಸುವುದು ಬೇರೆ

ಒಳ್ಳೆಯ ಡೈವರ್‌ಗಳು ಎಡವುವುದು ಇಲ್ಲಿ. ಕಣ್ಣು, ಮೂಗು ಮುಚ್ಚುವ ಮಾಸ್ಕ್‌ಗೆ ತುಂಬಿದ ನೀರು ಖಾಲಿ ಮಾಡುವುದು ಅಭ್ಯಾಸ ಇದ್ದವರಿಗೆ ಕ್ಷಣದ ಕೆಲಸ. ಮೇಷ್ಟ್ರು ಹಾಗೆ ಮಾಡಿದರೆ ಅಂಕ ಸಿಗುವುದಿಲ್ಲ. ಮೊದಲು ‘ನನ್ನನ್ನು ನೋಡಿ’ ಎಂದು ಸನ್ನೆ ಮಾಡಿ. ಮಾಸ್ಕಿನ ಮೇಲಂಚು ಸ್ವಲ್ಪ ಎಳೆದು ನೀರು ಬಿಟ್ಟುಕೊಳ್ಳಿ. ಗಡಿಬಿಡಿ ಇಲ್ಲದೆ ಒಂದೆರಡು ಸಲ ಬಾಯಿಂದ ಉಸಿರಾಡಿ ತೋರಿಸಿ. ಮೇಲಂಚನ್ನು ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಮೂಗು ತೋರಿಸಿ. ಆಮೇಲೆ ತಲೆ ಎತ್ತುತ್ತಾ ಮೂಗಿನಿಂದ ಗಾಳಿ ಬಿಡಿ. ಎಲ್ಲವೂ ನಿಧಾನಕ್ಕೆ, ಕಣ್ಣಿಗೆ ಹೊಡೆಯುವ ಹಾಗೆ.

ಐಇಯಲ್ಲಿ ನಿಮ್ಮ ಜೊತೆಗೆ ಪರೀಕ್ಷೆಗೆ ಬಂದವರೇ ವಿದ್ಯಾರ್ಥಿಗಳು. ಅವರಲ್ಲೊಬ್ಬರು ಬೇಕೆಂದೇ ತಪ್ಪು ಮಾಡುತ್ತಾರೆ, ಹಾಗೆ ಮಾಡಲು ಹೇಳಿರುತ್ತಾರೆ. ಅದು ನಿಮ್ಮ ಕಣ್ಣಿಗೆ ಬೀಳಬೇಕು, ಸರಿ ಮಾಡಿಸಬೇಕು. ಅಂಕ ಕೊಡುವುದು ನಿಮಗೆ ಕಲಿಸಿದವರಲ್ಲ, ಸಂಸ್ಥೆ ಕಳಿಸಿದ ಪರೀಕ್ಷಕರು.

ವಾಪಸ್ ಬರುವಾಗ ಜೋಪಾನ

ಕೊಡಗಿನವರು ಇದನ್ನು ಮಾತ್ರ ಮರೆಯಬಾರದು. ಡೈವ್ ಮುಗಿಸಿ ಸಂಜೆಗೇ ಕಾರು ಹತ್ತಿ ಮಡಿಕೇರಿಗೆ ಬರಬೇಡಿ. ಆಳದಲ್ಲಿ ಮೈಯೊಳಗೆ ಕರಗಿದ ನೈಟ್ರೋಜನ್ ಹೊರಹೋಗಲು ಸಮಯ ಬೇಕು. ಅಷ್ಟರೊಳಗೆ ಘಟ್ಟ ಹತ್ತಿದರೆ ಗಾಳಿಯ ಒತ್ತಡ ಕಡಿಮೆಯಾಗಿ ಅದು ಗುಳ್ಳೆಗಟ್ಟಬಹುದು. ಕೀಲುನೋವಿನಿಂದ ಹಿಡಿದು ಲಕ್ವದವರೆಗೆ ಏನೂ ಆಗಬಹುದು. ವಿಮಾನ ಹತ್ತುವವರ ನಿಯಮವೇ ಇಲ್ಲಿಗೂ: ಸುಮಾರು 600 ಮೀಟರ್ ಎತ್ತರ ದಾಟುವ ಮುನ್ನ ಒಂದೇ ಡೈವ್ ಆಗಿದ್ದರೆ 12 ಗಂಟೆ, ಜಾಸ್ತಿ ಆಗಿದ್ದರೆ ಕನಿಷ್ಠ 18 ಗಂಟೆ ಕಾಯಬೇಕು. ಮಡಿಕೇರಿ ಇರುವುದು 1,100 ಮೀಟರ್‌ಗೂ ಮೇಲೆ. ಎರಡು ಡೈವ್ ಮುಗಿಸಿ ಮಧ್ಯಾಹ್ನ 1ಕ್ಕೆ ನೀರಿಂದ ಎದ್ದರೆ, ರಾತ್ರಿ ಮಂಗಳೂರಿನಲ್ಲೋ ಪುತ್ತೂರಿನಲ್ಲೋ ಉಳಿದು ಮರುದಿನ ಬೆಳಿಗ್ಗೆ 7ರ ನಂತರ ಸಂಪಾಜೆ ಘಾಟಿ ಹತ್ತಿ. ಶಿರಾಡಿಯಲ್ಲಿ ಬಂದರೂ ಅದೇ ಕಥೆ.

‘ಹಾರಂಗಿಯಲ್ಲೇ ಅಭ್ಯಾಸ ಮಾಡಿದರಾಯ್ತು’ ಅನ್ನುವವರೂ ಇದ್ದಾರೆ. ಅನುಮತಿಯ ಮಾತು ಹಾಗಿರಲಿ, ಅಣೆಕಟ್ಟೆಯ ಗರಿಷ್ಠ ಮಟ್ಟವೇ 2,859 ಅಡಿ, ಹೆಚ್ಚುಕಡಿಮೆ 870 ಮೀಟರ್. 300 ಮೀಟರ್ ದಾಟಿದ ಮೇಲೆ ಸಮುದ್ರದ ಡೈವ್ ಲೆಕ್ಕ ಹಾಗೇ ನಡೆಯುವುದಿಲ್ಲ, ಅದಕ್ಕೆ ಬೇರೆಯೇ ತರಬೇತಿ ಇದೆ.

ಇನ್ನು ದುಡ್ಡಿನ ಮಾತು. ಐಡಿಸಿ ಫೀಸು ಕೇಳುವಾಗಲೇ ಪರೀಕ್ಷೆಯ ಫೀಸು, ಅರ್ಜಿ ಫೀಸು, ಪುಸ್ತಕಗಳು, ಪ್ರಥಮ ಚಿಕಿತ್ಸೆ ಕಲಿಸುವ ಇನ್‌ಸ್ಟ್ರಕ್ಟರ್ ಕೋರ್ಸ್ ಒಳಗೆ ಸೇರಿದೆಯೋ ಹೊರಗೋ ಎಂದು ಬಿಡಿಸಿ ಕೇಳಿ, ಬರೆಸಿಕೊಳ್ಳಿ. ಪಾಸಾದ ಮೇಲೂ ಕಲಿಸುತ್ತಿರಬೇಕಾದರೆ ಸದಸ್ಯತ್ವವನ್ನು ಪ್ರತಿ ವರ್ಷ ನವೀಕರಿಸಬೇಕು. ಆ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ.